ಇಸುಬು ಊರಿಗೆ ಹೋಗಿಲ್ಲ

ಗಲ್ಫಿಗೆ ಬಂದ ನಮಗೆಲ್ಲ ಒಂದು ಚಾಳಿ ಇದೆ. ಇಲ್ಲಿಯ ಕಷ್ಟವನ್ನು ಊರಿಗೆ ಹೇಳುವುದಿಲ್ಲ, ಊರಿನ ಕಷ್ಟವನ್ನು ಇಲ್ಲಿ ಹೇಳುವುದಿಲ್ಲ. ಕೆಲಸ ಹೋದವನು ‘ಲೀವಿನಲ್ಲಿದ್ದೇನೆ’ ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದವನು ಫೋನಿನಲ್ಲಿ ‘ಆರಾಮ್’ ಎನ್ನುತ್ತಾನೆ. ನಾನೂ ಹಾಗೆ ಹೇಳಿದವಳೇ. ಆದರೆ ಈ ಚಾಳಿ ಒಬ್ಬ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದನ್ನು ಹೋದ ವರ್ಷ ಕಣ್ಣಾರೆ ಕಂಡೆ.

ನಾನು ಆಲಿಸ್. ಮಸ್ಕತ್ತಿನ ವಾದಿ ಅದಾಯಿಯಲ್ಲಿ ಮನೆ. ವಕೀಲರೊಬ್ಬರ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಟೈಪಿಂಗ್. 2008ರ ಜುಲೈ ತಿಂಗಳು. ರಜೆಯ ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ ಬಂದು ಚಪ್ಪಲಿ ಬಿಚ್ಚುತ್ತಿದ್ದೆ. ಆ ಬಿಸಿಲಿಗೆ ಮಾತನಾಡಲೂ ಶಕ್ತಿ ಇರಲಿಲ್ಲ. ಅಷ್ಟರಲ್ಲಿ ಮೇಲಿನ ಮಹಡಿಯ ನಫೀಸತ್ ಬಂದಳು. ಅವಳ ಗಂಡ ಹಸನಬ್ಬ ಕೆಳಗೆ ಗ್ಯಾರೇಜು ನಡೆಸುತ್ತಾರೆ. ಅವಳ ತಮ್ಮ ಇಸುಬು ಅಲ್ಲೇ ಮೆಕ್ಯಾನಿಕ್ ಆಗಿದ್ದ. ಒಂದು ವರ್ಷದಿಂದ ಅವನ ಮುಖ ಕಂಡಿರಲಿಲ್ಲ. ಕೇಳಿದರೆ, ‘ಊರಿಗೆ ಹೋಗಿದ್ದಾನೆ, ಹೆಣ್ಣು ನೋಡ್ತಾ ಇದ್ದಾರೆ’ ಎನ್ನುತ್ತಿದ್ದಳು.

“ಆಲಿಸ್ ಬಾಯಿ, ಇದರಲ್ಲಿ ಇಂಗ್ಲಿಷಿನಲ್ಲಿ ಎಂತ ಬರ್ದಿದ್ದಾರೆ, ಸ್ವಲ್ಪ ನೋಡಿ.”

ರೆಡ್‌ಕ್ರಾಸ್‌ನವರ ಕಾಗದ. ಇದು ಬಂಧಿತನ ಪತ್ರ ಎಂದು ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಒಳಗೆ ಇಸುಬುವಿನ ಕೈಬರಹದಲ್ಲಿ ಕನ್ನಡದ ನಾಲ್ಕೇ ಸಾಲು. ಎರಡು ಸಾಲಿಗೆ ಯಾರೋ ಕಪ್ಪು ಮಸಿ ಬಳಿದಿದ್ದರು. ಉಳಿದದ್ದು ಇಷ್ಟು: ‘ಅಕ್ಕ, ನಾನು ಬದುಕಿದ್ದೇನೆ. ಯಾಕೆ ಹಿಡಿದರು ಅಂತ ಹೇಳಲಿಲ್ಲ, ಯಾವಾಗ ಬಿಡ್ತಾರೆ ಅಂತಲೂ ಹೇಳಲಿಲ್ಲ.’

“ಇದೆಂತ ಮಾರಾಯ್ತಿ? ಇಸುಬು ಊರಿನಲ್ಲಿ ಇಲ್ವಾ?”

ಅವಳು ಎದ್ದು ಬಾಗಿಲು ಮುಚ್ಚಿದಳು. ಆಮೇಲೆ ಒಂದೊಂದೇ ಹೊರಗೆ ಬಂತು. ಇಸುಬು ಏಜೆಂಟನೊಬ್ಬನ ಮೂಲಕ ಅಫ್ಘಾನಿಸ್ತಾನಕ್ಕೆ ಹೋಗಿದ್ದ. ಅಮೆರಿಕದ ಸೈನ್ಯದ ಶಿಬಿರದಲ್ಲಿ ಲಾರಿ ರಿಪೇರಿ ಕೆಲಸ. ಹಿಂದಿನ ಅಕ್ಟೋಬರಿನಲ್ಲಿ ‘ಎರಡು ಮಾತು ಕೇಳುವುದಿದೆ’ ಎಂದು ಸೈನಿಕರು ಕರೆದುಕೊಂಡು ಹೋದರು ಎಂದು ಅವನ ಜೊತೆ ಕೆಲಸ ಮಾಡುವವನೊಬ್ಬ ಫೋನಿನಲ್ಲಿ ತಿಳಿಸಿದ್ದನಂತೆ. ಆ ಎರಡು ಮಾತು ಒಂಬತ್ತು ತಿಂಗಳಾದರೂ ಮುಗಿದಿರಲಿಲ್ಲ.

“ಒಂಬತ್ತು ತಿಂಗಳು! ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲ. ಇಲ್ಲಿ ಊರಿಗೆ ಹೋಗಿದ್ದಾನೆ ಅಂದೆ. ಊರಿನಲ್ಲಿ ಉಮ್ಮನ ಹತ್ತಿರ, ಅವನಿಗೆ ದೂರದ ಸಲಾಲದಲ್ಲಿ ಕೆಲಸ, ಅಲ್ಲಿ ಫೋನ್ ಸಿಗುದಿಲ್ಲ ಅಂದೆ.”

ನನಗೆ ಸಿಟ್ಟು ಬಂತು. ಬೈಯುವಷ್ಟು ತ್ರಾಣ ಇಲ್ಲದ್ದರಿಂದ ಚಹಾಕ್ಕೆ ನೀರಿಟ್ಟೆ. ಹಸನಬ್ಬರನ್ನೂ ಮೇಲೆ ಕರೆಸಿದೆ.

“ಮಿಲಿಟರಿಯವರ ಹತ್ತಿರ ಎಂತ ಕೇಳುದು ಬಾಯಿ?” ಎಂದರು ಹಸನಬ್ಬ. “ಅವರಿಗೆ ಕೋರ್ಟೂ ಇಲ್ಲ, ಕಚೇರಿಯೂ ಇಲ್ಲ. ಹಿಡಿದ್ರೆ ಖಲಾಸ್.”

“ಖಲಾಸ್ ಅಂತ ನೀವು ಹೇಳುದಾ? ಹಿಡಿದವರು ಯಾಕೆ ಹಿಡಿದೆವು ಅಂತ ಹೇಳ್ಬೇಕು. ಹೇಳಿಸುದು ಕೋರ್ಟಿನ ಕೆಲಸ. ಕ್ಯೂಬಾದಲ್ಲಿ ಅಮೆರಿಕದವರ ಮಿಲಿಟರಿ ಜೈಲಿನಲ್ಲಿದ್ದ ಕೈದಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದ್ರು. ಹೋದ ತಿಂಗಳು ಅಮೆರಿಕದ ದೊಡ್ಡ ಕೋರ್ಟೇ ಹೇಳಿತು, ಅವರಿಗೆ ಕಾರಣ ಕೇಳುವ ಹಕ್ಕು ಉಂಟು ಅಂತ.”

“ಇವನಿರುದು ಕ್ಯೂಬಾದಲ್ಲಿ ಅಲ್ವಲ್ಲ.”

“ಅಲ್ಲ. ಅಫ್ಘಾನಿಸ್ತಾನದ ಶಿಬಿರದವರ ವಿಷಯ ಇನ್ನೂ ತೀರ್ಮಾನ ಆಗ್ಲಿಲ್ಲ. ಅದಕ್ಕೂ ವಕೀಲರು ಹೋರಾಡ್ತಾ ಇದ್ದಾರೆ. ನಾಳೆಯೇ ಬಿಡಿಸ್ತೇನೆ ಅಂತ ನಾನು ಸುಳ್ಳು ಹೇಳುದಿಲ್ಲ. ಆದ್ರೆ ಒಳಗಿರುವವನಿಗೆ ವಕೀಲರನ್ನು ಕಾಣ್ಲಿಕ್ಕೆ ಬಿಡುದಿಲ್ಲ. ಅವನ ಪರವಾಗಿ ಹತ್ತಿರದ ಸಂಬಂಧಿ ಯಾರಾದ್ರೂ ಸೈನ್ ಹಾಕ್ಬೇಕು. ಆ ಸೈನ್ ಇಲ್ಲದಿದ್ರೆ ಅರ್ಜಿ ಹೋಗುದಾದ್ರೂ ಹೇಗೆ?”

ಹಸನಬ್ಬ ಲೋಟ ಕೆಳಗಿಟ್ಟರು. “ಗ್ಯಾರೇಜು, ನಮ್ಮ ವೀಸಾ ಎಲ್ಲ ಈ ದೇಶದ ಯಜಮಾನನ, ಕಫೀಲನ ಹೆಸರಲ್ಲಿ ಉಂಟು. ಮಿಲಿಟರಿ ಕೇಸು ಅಂತ ಗೊತ್ತಾಗಿ ಅವ ವೀಸಾ ಕ್ಯಾನ್ಸಲ್ ಮಾಡಿದ್ರೆ? ಮಕ್ಕಳ ಶಾಲೆ? ಬೇಡ ಬಾಯಿ. ದೇವರಿದ್ದಾನೆ.”

ಅವರ ಹೆದರಿಕೆ ಸುಳ್ಳಲ್ಲ. “ಸರಿ, ಅವನ ಪಾಸ್‌ಪೋರ್ಟಿನ ಜೆರಾಕ್ಸ್ ಆದರೂ ಹುಡುಕಿಡಿ,” ಎಂದೆ. ಅದು ಊರಿನ ಕಪಾಟಿನಲ್ಲಿತ್ತು. ನಫೀಸತ್ ಅಲ್ಲಿಂದಲೇ ತಾಯಿ ಆಮಿನಾ ಅವರಿಗೆ ಫೋನ್ ಹಚ್ಚಿದಳು. ನಮಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

“ಜೆರಾಕ್ಸಾ?” ಎಂದಿತು ಮುದುಕಿಯ ದನಿ. “ಅದನ್ನು ಪೊಲೀಸರು ಕೇಳಿ ತಗೊಂಡು ಹೋಗಿದ್ದಾರಲ್ಲ ಮಗಳೇ.”

“ಪೊಲೀಸರಾ? ಯಾವಾಗ ಉಮ್ಮ?”

“ಬಕ್ರೀದ್ ಆಗಿ ಒಂದು ವಾರಕ್ಕೆ. ಇಸುಬುನ ಫೋಟೋ ತೋರಿಸಿ, ಇವ ನಿನ್ನ ಮಗನಾ, ಎಲ್ಲಿದ್ದಾನೆ ಅಂತ ಕೇಳಿದ್ರು. ಸಲಾಲದಲ್ಲಿ ಕೆಲಸ ಮಾಡಿಕೊಂಡು ಸುಖವಾಗಿದ್ದಾನೆ, ಮಗಳು ಶುಕ್ರವಾರ ಶುಕ್ರವಾರ ಹೇಳ್ತಾಳೆ ಅಂದೆ. ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಪಾಪ, ಬಿಸಿಲಲ್ಲಿ ಬಂದಿದ್ರು, ಚಾ ಕೊಟ್ಟು ಕಳಿಸಿದೆ. ಪಾಸ್‌ಪೋರ್ಟಿನ ಎಂತದೋ ಅಂತ ಗ್ರಹಿಸಿದೆ.”

ಅಂದರೆ ಸೈನಿಕರು ಹಿಡಿದಿಟ್ಟವರ ಒಂದು ಪಟ್ಟಿಯಲ್ಲಿ ಇಸುಬುವಿನ ಹೆಸರು ಬಂದಿತ್ತು. ಇವನು ನಮ್ಮ ದೇಶದವನೇ ಹೌದಾ ಎಂದು ನಮ್ಮ ಸರ್ಕಾರದವರು ವಿಚಾರಿಸಿದ್ದರು. ಮಗ ಸಲಾಲದಲ್ಲಿ ಸುಖವಾಗಿದ್ದಾನೆ ಎಂದು ಹೆತ್ತ ತಾಯಿಯೇ ಹೆಬ್ಬೆಟ್ಟು ಒತ್ತಿದ ಮೇಲೆ ಅವನನ್ನು ಯಾರು ಹುಡುಕುತ್ತಾರೆ?

ನಫೀಸತ್ ಅಳುತ್ತಲೇ ಎಲ್ಲವನ್ನೂ ಹೇಳಿದಳು, ಅರ್ಜಿಯ ವಿಷಯವನ್ನೂ ಕಫೀಲನ ಹೆದರಿಕೆಯನ್ನೂ.

“ನನ್ನ ಮಗನನ್ನು ಹುಡುಕಿಕೊಂಡು ಬಂದವರನ್ನು ನನ್ನ ಕೈಯಿಂದಲೇ ವಾಪಸು ಕಳಿಸಿದೆಯಲ್ಲ ನಫೀಸ,” ಎಂದರು ಆಮಿನಾ. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆ ಬಾಯಮ್ಮ ಅಲ್ಲೇ ಇದ್ದಾರಾ? ಬಾಯಮ್ಮ, ಅರ್ಜಿಗೆ ನನ್ನ ಹೆಸರು ಹಾಕಿ. ನನಗೆ ಯಾವ ಕಫೀಲನೂ ಇಲ್ಲ.”

ಹಸನಬ್ಬ ಎದ್ದು ಹೊರಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಹತ್ತು ನಿಮಿಷಕ್ಕೆ ಗ್ಯಾರೇಜಿನ ಡ್ರಾಯರಿನಿಂದ ಇಸುಬುವಿನ ಅಫ್ಘಾನಿಸ್ತಾನದ ಕೆಲಸದ ಕರಾರುಪತ್ರ ಹಿಡಿದು ಬಂದರು.

“ನಫೀಸ, ನೀನೂ ಸೈನ್ ಹಾಕು. ಅಷ್ಟು ಪ್ರಾಯ ಆದವರನ್ನು ಮುಂದೆ ಮಾಡಿ ನಾವು ಅಡಗಿ ಕೂತ್ಕೊಳ್ಳುದು ಮರ್ಯಾದೆ ಅಲ್ಲ.”

ಆ ವಾರವೇ ಕಾಗದಗಳು ಹೋದವು. ಇಂಥ ಕೇಸುಗಳನ್ನು ಬಿಟ್ಟಿಯಾಗಿ ನಡೆಸುವ ವಕೀಲರ ಗುಂಪಿಗೆ ಒಂದು, ಭಾರತದ ರಾಯಭಾರ ಕಚೇರಿಗೆ ಒಂದು. ಹಿಂದೆ ಕೊಟ್ಟ ಹೇಳಿಕೆ ತಪ್ಪು ಎಂದು ಆಮಿನಾ ಸ್ಟೇಷನ್ನಿಗೆ ನಡೆದು ಹೋಗಿ ಬರೆಸಿಕೊಟ್ಟರು.

ಇಸುಬು ಇನ್ನೂ ಬಂದಿಲ್ಲ. ಈ ವರ್ಷ ಅಮೆರಿಕದ ಒಂದು ಕೋರ್ಟು ಅಫ್ಘಾನಿಸ್ತಾನದ ಶಿಬಿರದಲ್ಲಿರುವ ಕೆಲವರ ಅರ್ಜಿ ಕೇಳುತ್ತೇನೆ ಎಂದಿತು. ಅಲ್ಲಿಯ ಸರ್ಕಾರ ಅದರ ವಿರುದ್ಧ ಮೇಲಿನ ಕೋರ್ಟಿಗೆ ಹೋಯಿತು. ಇವನ ಅರ್ಜಿ ಸಾಲಿನಲ್ಲಿದೆ. ಕಾದು ಕಾದು ನಮಗೆಲ್ಲ ಸಾಕಾಗಿದೆ. ಆದರೂ ವಕೀಲರು ಪ್ರತಿ ತಿಂಗಳು ಬರೆಯುತ್ತಾರೆ, ನಾನು ಓದಿ ಹೇಳುತ್ತೇನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮವರು ಯಾರಾದರೂ ಯುದ್ಧದ ಊರಿಗೆ ದುಡಿಯಲು ಹೋಗಿದ್ದರೆ ಅವರ ಪಾಸ್‌ಪೋರ್ಟಿನ, ಕರಾರಿನ ಒಂದು ಪ್ರತಿ ಮನೆಯಲ್ಲಿಡಿ. ಅವರನ್ನು ಯಾರಾದರೂ ಹಿಡಿದಿಟ್ಟರೆ ದಿನಾಂಕ ಬರೆದಿಟ್ಟು ರಾಯಭಾರ ಕಚೇರಿಗೆ, ರೆಡ್‌ಕ್ರಾಸಿಗೆ, ಗೊತ್ತಿರುವ ವಕೀಲರಿಗೆ ಅವತ್ತೇ ಹೇಳಿ. ಹೆದರಿಕೆ ಆಗುತ್ತದೆ, ನನಗೆ ಗೊತ್ತು. ಹೆದರಿಕೊಂಡೇ ಹೇಳಿ. ಒಳಗಿರುವವನಿಗೆ ಬಾಯಿಲ್ಲ. ನಾವೂ ಸುಮ್ಮನಿದ್ದರೆ ಅವನನ್ನು ಎಷ್ಟು ವರ್ಷ ಇಟ್ಟುಕೊಂಡರೂ ಕೇಳುವವರೇ ಇರುವುದಿಲ್ಲ.