ಗೆರೆಯಿಲ್ಲದ ಬಾಟಲಿ

ಕಂದು ಬಣ್ಣದ ಟಾನಿಕ್ ಬಾಟಲಿಯೊಂದನ್ನು ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಂತಿದ್ದೆ. ಆ ಕಾಲಕ್ಕೆ ಏಳು ಬಂದರುಗಳಲ್ಲಿ ನನ್ನಂಥ ಎಂಜಿನ್ ಡ್ರೈವರ್ ಇರಲಿಲ್ಲ. ನಾನು ಎಂಜಿನ್ ಶುರುಮಾಡಿದರೆ ಸಾಕು, ಮೀನುಗಳು ಬಲೆಯ ದಾರಿ ಕೇಳಿಕೊಂಡು ತಾವಾಗಿಯೇ ಬರುತ್ತಿದ್ದವು.

ಮಳೆಗಾಲದ ಎರಡು ತಿಂಗಳು ಬೋಟು ದಡದಲ್ಲಿತ್ತು. ಡೀಸೆಲ್ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗೋಡೆ ಬೆವರಿ, ಆ ನೀರು ತಳ ಸೇರುತ್ತದೆ. ಕಡಲಿಗಿಳಿಯುವ ಮುನ್ನ ತಳದ ನಲ್ಲಿ ತಿರುಗಿಸಿ ಒಂದು ಬಾಟಲಿ ಹಿಡಿದು ನೋಡಬೇಕು: ನೀರು ಕೆಳಗೆ, ಡೀಸೆಲ್ ಮೇಲೆ, ನಡುವೆ ಗೆರೆ. ಗೆರೆ ಕಂಡರೆ ನೀರು ಮುಗಿಯುವವರೆಗೂ ಬಸಿಯಬೇಕು. ನನ್ನ ಬಾಟಲಿಯಲ್ಲಿ ಕೂದಲೆಳೆಯಷ್ಟೂ ಗೆರೆಯಿರಲಿಲ್ಲ.

ಉಳಿದ ಬೋಟುಗಳೆಲ್ಲ ಆಗಲೇ ಹೊರಟಿದ್ದವು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಇನ್ನೊಂದ್ ಬಾಟ್ಲಿ ಹಿಡ್ದ್ ಕಾಣ್ ಮಾರಾಯ," ಎಂದರು ಚುಕ್ಕಾಣಿ ಹಿಡಿಯುವ ಬಚ್ಚ ತಾಂಡೇಲರು.

"ಎಂತಕ್ಕೆ ತಾಂಡೇಲ್ರೇ? ಈ ಡೀಸೆಲ್ ಹಾಕಿ ದೇವ್ರಿಗೆ ದೀಪ ಹಚ್ಲಕ್ಕ್!"

"ಇವ್ನ್ ಬಾಯಿಗೇ ಬ್ಯಾರೆ ಒಂದ್ ಎಂಜಿನ್ ಇತ್ತ್," ಎಂದ ಅಡುಗೆಯ ಸುಕ್ರ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆಗಳು ತೆಂಗಿನ ಮರದಷ್ಟಿದ್ದವು. ಸೊಂಟದಷ್ಟಿದ್ದವು ಎನ್ನುತ್ತಾನೆ ಸುಕ್ರ. ಅವನು ಕಣ್ಣು ಮುಚ್ಚಿದ್ದ. ಬೋಟು ಎರಡು ಸಲ ಕುಲುಕಿತು, ಎಂಜಿನ್ ಕೆಮ್ಮಿ ನಿಂತಿತು. ಎಡಕ್ಕೆ ಬಂಡೆಸಾಲು, ಬೋಟಿನಲ್ಲಿ ಏಳು ಜನ. ಎಸೆದ ಲಂಗರು ಮರಳಲ್ಲಿ ಜಾರುತ್ತ, ಮಾರು ಮಾರಾಗಿ ನಮ್ಮನ್ನು ಬಂಡೆಗೆ ಬಿಟ್ಟುಕೊಡುತ್ತಿತ್ತು.

ಕೆಳಗಿಳಿದು ಮತ್ತೆ ಬಾಟಲಿ ತುಂಬಿಸಿ, ಮೇಲೆ ಬಂದು ಬೆಳಕಿಗೆ ಹಿಡಿದೆ. "ಗೆರೆ ಇಲ್ಲೆ ತಾಂಡೇಲ್ರೇ!"

ಅವರು ಅದನ್ನು ಕಸಿದು ನನ್ನ ಅಂಗೈಗೆ ಸುರಿದರು. ಜಿಡ್ಡೇ ಇಲ್ಲ. ತಣ್ಣಗೆ ಬೆರಳ ಸಂದಿಯಿಂದ ಇಳಿದುಹೋಯಿತು.

"ಪೂರಾ ನೀರೇ ಇದ್ರೆ ಗೆರೆ ಎಲ್ಲಿಂದ್ ಬತ್ತ್ ಮಾರಾಯ?"

ಕಂದು ಗಾಜಿನಲ್ಲಿ ನೀರೂ ಡೀಸೆಲ್ಲೂ ಒಂದೇ ಬಣ್ಣ. ಬೆಳಿಗ್ಗೆ ನಾನು ಹೊಗಳಿದ್ದು ಬರೀ ನೀರನ್ನು.

ಮತ್ತೆ ಕೆಳಗಿಳಿದು ನಲ್ಲಿಯಡಿ ಅಂಗೈಯೊಡ್ಡಿ ಕುಳಿತೆ. ನೀರು, ನೀರು, ಮತ್ತೂ ನೀರು. ಮೇಲೆ ಯಾರೋ ದೇವರನ್ನು ಕೂಗುತ್ತಿದ್ದರು. ಕೊನೆಗೂ ಡೀಸೆಲ್ ಜಿಡ್ಡಿಗೆ ಬೆರಳು ಬೆರಳಿನ ಮೇಲೆ ಜಾರಿತು. ಫಿಲ್ಟರಿನ ನೀರು ಚೆಲ್ಲಿ, ಪೈಪಿನ ಗಾಳಿ ತೆಗೆದೆ. ಎಂಜಿನ್ ಮತ್ತೆ ಶುರುವಾದಾಗ ಬಂಡೆಗಂಟಿದ ಚಿಪ್ಪುಗಳನ್ನು ಎಣಿಸಬಹುದಿತ್ತು. ಎಣಿಸಿದ್ದೇನೆ, ನಲವತ್ತಮೂರು.

ಅಳಿವೆ ದಾಟಿದೆವು. ಇನ್ನು ನನ್ನನ್ನು ಎಂಜಿನ್ ಹತ್ತಿರ ಬಿಡುವರೋ ಇಲ್ಲವೋ ಎಂದು ತಾಂಡೇಲರ ಬೆನ್ನನ್ನೇ ನೋಡುತ್ತಿದ್ದೆ. ಅವರು ತಿರುಗಲಿಲ್ಲ. "ಡ್ರೈವರ್‌ಗೆ ಚಾ ಕೊಡ್ರಾ," ಎಂದರು.

ಸುಕ್ರ ಕೊಟ್ಟ ಲೋಟ ನನ್ನ ಎಣ್ಣೆಗೈಯಲ್ಲಿ ನಿಲ್ಲಲಿಲ್ಲ. ಅವನು ಲೋಟದ ತಳಕ್ಕೆ ತನ್ನ ಕೈಯೊಡ್ಡಿ, ನಾನು ಕುಡಿದು ಮುಗಿಸುವ ತನಕ ಅದನ್ನು ಹಿಡಿದುಕೊಂಡೇ ನಿಂತ.