ಬಾನೆಟ್ ಮೇಲಿನ ಕಣ್ಣುಗಳು

ಸೀಟಿ — ಎಲ್ಲೋ ಸಣ್ಣಗೆ ಸೀಟಿ, ಪೈಪಿನ ಕೊಂಡಿಯಲ್ಲಿರಬೇಕು, ಗಾಳಿ ಕೂದಲೆಳೆಯಷ್ಟು ಸೋರುತ್ತಿದೆ, ಸೋರಲಿ, ಈಗ ಬಣ್ಣದ ಗನ್ ಕೆಳಗಿಟ್ಟು ಅದನ್ನು ಬಿಗಿ ಮಾಡಲು ಹೋದರೆ ಹಸಿ ಅಂಚು ಒಣಗಿ ಗೆರೆ ಬೀಳುತ್ತದೆ, ಟಾಪು ಮುಗಿಯಿತು, ನಾಲ್ಕು ಬಾಗಿಲು ಮುಗಿಯಿತು, ಡಿಕ್ಕಿ ಮುಗಿಯಿತು, ಉಳಿದದ್ದು ಬಾನೆಟ್ ಒಂದೇ, ಅದೇ ಹಾಳು ಬಾನೆಟ್, ಬೇಕೆಂದೇ ಕೊನೆಗಿಟ್ಟಿದ್ದೇನೆ, ಕಹಿ ಗುಳಿಗೆಯನ್ನು ಊಟವಾದ ಮೇಲೆ ನುಂಗುವ ಹಾಗೆ. ಒಂದು ಗೇಣು ದೂರ, ಮಣಿಕಟ್ಟು ತಿರುಗಬಾರದು, ತೋಳು ಸರಿಯಬೇಕು, ಮೊದಲ ಪಟ್ಟೆಯ ಅರ್ಧದ ಮೇಲೆ ಎರಡನೆಯದು, ಅದರ ಅರ್ಧದ ಮೇಲೆ ಮೂರನೆಯದು — ಹೀಗೆ ಎಷ್ಟು ತಗಡಿನ ಬೀರುಗಳಿಗೆ ಬಣ್ಣ ಹೊಡೆದಿಲ್ಲ ನಾನು, ಬೀರು ಫ್ಯಾಕ್ಟರಿಯ ಬಣ್ಣದ ಕೋಣೆಯಲ್ಲಿ ಆಯಸ್ಸೆಲ್ಲ ಬೂದು, ಬೂದು, ಬೂದು, ಒಮ್ಮೊಮ್ಮೆ ಯಾರೋ ಹೇಳಿ ಮಾಡಿಸಿದ ಕಂದು, ಸೀನಿದರೆ ಕರವಸ್ತ್ರವೂ ಬೂದು, ಮನೆಗೆ ಬಂದರೆ ಇವಳು ಬಾಗಿಲಲ್ಲೇ ತಡೆದು, ನಿಲ್ಲಿ, ಕಿವಿ ತೊಳ್ಕೊಂಡು ಒಳಗೆ ಬನ್ನಿ. ಕಾರಿಗೆ ಕೈ ಹಾಕುತ್ತೇನೆ ಎಂದಾಗ ಮೊದಲು ನಕ್ಕವಳೂ ಇವಳೇ, ಬೀರುಗೆ ಸೊಂಟ ಇರಲ್ಲ ರೀ, ಇದಕ್ಕಿದೆ, ನೋಡ್ಕೊಂಡು ಹೊಡೀರಿ. ನಿಜವೇ, ಎಲ್ಲಿ ನೋಡಿದರೂ ಇದಕ್ಕೆ ಸೊಂಟ, ಹೆಗಲು, ಹೊಟ್ಟೆ, ಒಂದು ಕಡೆ ಸಪಾಟು ಇಲ್ಲ, ಹಳೇ ಕಾಲದವರು ಕಾರು ಮಾಡುವಾಗ ಸ್ಕೇಲನ್ನು ಮನೆಯಲ್ಲೇ ಮರೆತು ಬರುತ್ತಿದ್ದರೋ ಏನೋ. ಮಾಸ್ಕಿನೊಳಗೆ ನನ್ನ ಉಸಿರು ನನಗೇ ಬಿಸಿ, ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ, ಧೂಳು ಏಳದಿರಲೆಂದು ನೆಲಕ್ಕೆ ನೀರು, ವಾಷಿಂಗ್ ಮಷೀನನ್ನು ಹಿತ್ತಲಿಗೆ ತಳ್ಳಿದ್ದಕ್ಕೆ ಇನ್ನೂ ಬೈಗುಳ ಬಾಕಿ ಇದೆ, ಆದರೆ ಹಸಿರು — ಆಹಾ, ಹಸಿರು ಹಸಿಯಾಗಿ ಕೂರುತ್ತಿದೆ, ಕೊಳದ ನೀರಿನ ಹಾಗೆ ಆಳವಾಗಿದೆ.

ಈ ಹಸಿರು ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಹಿಂದೆ, ಬಿಸಿಲು ಒಮ್ಮೆಯೂ ನೋಡದ ಅಂಗೈಯಗಲದ ಜಾಗದಲ್ಲಿ, ಭಾವ ಟಾರ್ಚ್ ಹಿಡಿದು ತಲೆ ಒಳಗೆ ತೂರಿಸಿ, ಬನ್ನಿ ಭಾವ, ಇಲ್ನೋಡಿ, ಅವಳ ಬಣ್ಣ ಇಲ್ಲಿದೆ, ಅಂದರು, ಅಷ್ಟು ಉದ್ದದ ಮಾತು ಅವರ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಭಾವ ಎಂದರೆ ಇವಳ ಅಣ್ಣ, ನಾನು ಅವರಿಗೆ ಭಾವ, ಅವರು ನನಗೆ ಭಾವ, ಯಾರಾದರೂ ಭಾವ ಎಂದು ಕೂಗಿದರೆ ಇಬ್ಬರೂ ತಿರುಗುತ್ತೇವೆ, ಇವಳಿಗೆ ಅದೇ ಒಂದು ತಮಾಷೆ. ತಕ್ಕಡಿ ರಿಪೇರಿ ಅವರ ಕಸುಬು, ಅಂಗಡಿ ಅಂಗಡಿಗೆ ಹೋಗಿ ಮುಳ್ಳು ಸರಿಮಾಡಿ ಬರುತ್ತಿದ್ದರು, ತಕ್ಕಡಿ ಯಾವತ್ತೂ ಸುಳ್ಳು ಹೇಳಲ್ಲ ಭಾವ, ಅಂಗಡಿಯವನ ಹೆಬ್ಬೆರಳು ಹೇಳುತ್ತೆ, ಎಂದು ಉಜ್ಜುತ್ತಾ ಉಜ್ಜುತ್ತಾ ಹೇಳಿದ್ದರು, ಆಮೇಲೆ ತಾವೇ ನಕ್ಕು, ನಕ್ಕದ್ದಕ್ಕೆ ತಾವೇ ಗಾಬರಿಯಾದವರ ಹಾಗೆ ಎಮರಿ ಪೇಪರನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದರು. ಕಾರು ಅತ್ತಿಗೆಯದು, ಇವಳಿಗೆ ಅತ್ತಿಗೆ, ನನ್ನ ಬಾಯಲ್ಲೂ ಅತ್ತಿಗೆಯೇ, ಓಡಿಸುತ್ತಿದ್ದವರು ಅವರು, ಭಾವನಿಗೆ ಸ್ಟೇರಿಂಗ್ ಎಂದರೆ ಕೈ ನಡುಕ, ಬೆಳಗ್ಗೆ ಅತ್ತಿಗೆ ಸ್ಕೂಲಿಗೆ ಪಾಠ ಹೇಳಲು ಹೊರಟರೆ ಭಾವ ಗೇಟು ತೆಗೆದು, ಕಾರು ಹೊರಗೆ ಬಂದಾಗ ಬಾನೆಟ್ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟುವರು, ತಟ್, ತಟ್, ಹುಷಾರಾಗಿ ಹೋಗಿ ಬಾ ಎಂದು ಬಾಯಲ್ಲಿ ಹೇಳುವುದಕ್ಕೆ ನಾಚಿಕೆ, ಅದಕ್ಕೇ ತಗಡಿಗೆ ಹೇಳುವುದು. ನಾವು ಅವರ ಮನೆಯಲ್ಲಿ ಉಳಿದಾಗಲೆಲ್ಲ ಕಿಟಕಿಯಿಂದ ನೋಡಿದ್ದೇನೆ. ಆಸ್ಪತ್ರೆಗೂ ಅತ್ತಿಗೆ ತಾವೇ ಓಡಿಸಿಕೊಂಡು ಹೋದರಂತೆ, ಭಾವ ಪಕ್ಕದ ಸೀಟಿನಲ್ಲಿ ಕೂತು, ಹಾಗಾಗಿ ಅವತ್ತು ತಟ್ಟುವವರು ಯಾರೂ ಇರಲಿಲ್ಲ, ವಾಪಸು ಬರುವಾಗ ಅತ್ತಿಗೆ ಇರಲಿಲ್ಲ, ಕಾರನ್ನು ಯಾರೋ ಪಕ್ಕದ ಮನೆಯವರು ತಂದು ನಿಲ್ಲಿಸಿದರು, ನಿಂತದ್ದು ನಿಂತೇ ಹೋಯಿತು, ಭಾವನ ಮಾತೂ ಹಾಗೆಯೇ. ಊಟ ಆಯ್ತಾ ಅಣ್ಣ, ಹ್ಞೂಂ, ಏನು ಮಾಡಿದ್ರಿ, ಏನೋ ಒಂದು. ಫೋನಿಟ್ಟು ಇವಳು ಅಳುವುದು, ಕಲ್ಲಿಗಾದರೂ ಬಾಯಿ ಬಂದೀತು ರೀ.

ಆಮೇಲೆ ಒಂದು ದಿನ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಬಂದು ನಮ್ಮ ಗ್ಯಾರೇಜಿನ ಮುಂದೆ ಇಳಿಸಿದರು, ಮಡ್‌ಗಾರ್ಡ್ ತುಕ್ಕು ಹಿಡಿದು ಹಪ್ಪಳ, ಮುಟ್ಟಿದರೆ ಉದುರುತ್ತಿತ್ತು, ಹೇಗಿತ್ತೋ ಹಾಗೆ ಮಾಡ್ಕೊಡಿ ಭಾವ, ಆಮೇಲೆ ಕೇಳಿದವರಿಗೆ ಕೊಟ್ಟುಬಿಡ್ತೀನಿ, ಮನೆ ಮುಂದೆ ಕೊಳೀತಾ ನಿಂತಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ಸರಿ ಅಂದೆ, ಏನು ಗೊತ್ತಿತ್ತು, ಹೊಸ ತಗಡು ಕತ್ತರಿಸಿ ಬೆಸುಗೆ ಹಾಕಿಸಿ, ಪುಟ್ಟಿ ತುಂಬಿ ಉಜ್ಜಿ, ಪ್ರೈಮರ್ ಹೊಡೆದು ಉಜ್ಜಿ, ಉಜ್ಜುವುದು ಎಂಥ ಕೆಲಸವೆಂದರೆ ಕೈಗೆ ಕೆಲಸ, ಬಾಯಿಗೆ ರಜೆ, ಮುಖ ನೋಡಬೇಕಿಲ್ಲ, ಒಬ್ಬರು ಈ ಬಾಗಿಲಿಗೆ, ಒಬ್ಬರು ಆ ಬಾಗಿಲಿಗೆ, ಹಾಗೆ ಇರುವಾಗ ಭಾವನ ಬಾಯಿಂದ ಒಂದೊಂದೇ ಮಾತು, ಅವಳಿಗೆ ರಿವರ್ಸ್ ಬರ್ತಿರಲಿಲ್ಲ ಭಾವ, ಯಾರಿಗೂ ಹೇಳ್ಬೇಡಿ, ಅದಕ್ಕೇ ನಾವು ಯಾವಾಗಲೂ ಎರಡು ಬೀದಿ ಸುತ್ತಿ ಬರ್ತಿದ್ವಿ. ಅಡಿಗೆಮನೆಯ ಕಿಟಕಿಯಲ್ಲಿ ಇವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ, ನಲ್ಲಿ ನಿಂತರೆ ನನಗೆ ಗೊತ್ತಾಗುತ್ತದೆ. ಈಗ ಭಾವ ದಿನವೂ ಬರುತ್ತಾರೆ, ಊಟಕ್ಕೆ ಉಪ್ಪು ಕಮ್ಮಿ ಎನ್ನುವಷ್ಟು ಸಲುಗೆ ಬಂದಿದೆ, ಇವಳು ಆ ಬೈಗುಳವನ್ನೂ ಬಹುಮಾನ ಬಂದ ಹಾಗೆ ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದಳು.

ಆದರೆ ಬಾನೆಟ್. ಮೊದಲ ಸಲ ಬಣ್ಣ ಕೂತ ಕೂಡಲೇ ಕಣ್ಣು ಬಿಟ್ಟಿತು, ಕಣ್ಣು ಎಂದರೆ, ಎಣ್ಣೆ ತಾಗಿದ ಜಾಗದಲ್ಲಿ ಬಣ್ಣ ನಿಲ್ಲದೆ ಸುತ್ತ ಸರಿದು ಸಣ್ಣ ದುಂಡನೆ ಗುಳಿಯಾಗುತ್ತದಲ್ಲ, ತಳದಲ್ಲಿ ಪ್ರೈಮರಿನ ಬೂದು ಕಾಣುತ್ತದಲ್ಲ, ಫ್ಯಾಕ್ಟರಿಯಲ್ಲಿ ನಾವು ಅದಕ್ಕೆ ಕಣ್ಣು ಅನ್ನುತ್ತಿದ್ದೆವು. ಅಲ್ಲೊಂದು ಇಲ್ಲೊಂದು, ಎರಚಿದ ಹಾಗೆ, ಗಾಬರಿಯಲ್ಲಿ ಮೇಲೆ ಇನ್ನಷ್ಟು ಹೊಡೆದೆ, ಇನ್ನೂ ಹದಗೆಟ್ಟಿತು, ಎಲ್ಲ ಉಜ್ಜಿ ಎರಡನೇ ಸಲ ಹೊಡೆದರೆ ಅದೇ ಜಾಗ, ಅದೇ ಕಣ್ಣುಗಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಕಂಪ್ರೆಸರ್ ಡೊಂಕು ಎಂದೆ, ಹೊಸ ಫಿಲ್ಟರ್ ತಂದೆ, ಪೈಪ್ ಬದಲಾಯಿಸಿದೆ, ಮೇಜಿಗೆ ಹಾಕುವ ಪಾಲಿಶ್ ಬಿಸಾಡಿದೆ, ತಲೆಗೆ ಎಣ್ಣೆ ಬಂದ್, ಬಾಣಲೆ ಬಂದ್, ಇವಳು ಸೊಂಟಕ್ಕೆ ಕೈಯಿಟ್ಟು, ನೀರಲ್ಲಿ ಒಗ್ಗರಣೆ ಹಾಕೋದು ಹೇಗೆ ಅಂತ ನೀವೇ ಬಂದು ತೋರ್ಸಿ. ಸಾಯಂಕಾಲ ಥಿನ್ನರಿನಲ್ಲಿ ಒರೆಸುವುದು, ಗಾಳಿಯಾಡಲು ಬಿಡುವುದು, ಬೆಳಗ್ಗೆ ಒಣಬಟ್ಟೆಯಲ್ಲಿ ಧೂಳು ತೆಗೆದು ಹೊಡೆಯುವುದು, ಬೀರುಗಳಿಗೆ ಹಾಗೇ ತಾನೆ ಮಾಡಿದ್ದು, ನಾನು ಹೊಡೆದ ಒಂದು ಬೀರೂ ಕಣ್ಣು ಬಿಟ್ಟಿರಲಿಲ್ಲ. ಭಾವನಂತೂ ಪಾಪ, ಕೆಲಸಕ್ಕೆ ಮುಂಚೆ ಮೊಣಕೈವರೆಗೆ ಸೋಪು, ಗ್ಲೌಸು, ಆಪರೇಷನ್ ಡಾಕ್ಟರ ಹಾಗೆ. ಎರಡನೇ ಸಲವೂ ಕೆಟ್ಟಾಗ ಅವರು ಇಣುಕಿ ನೋಡಿ, ಹೋಗ್ಲಿ ಬಿಡಿ ಭಾವ, ನಾಳೆ ಉಜ್ಜೋಣ, ನನಗೇನು ಬೇರೆ ಕೆಲಸ, ಅಂದರು, ನನಗೆ ಅಳು ಬರುವ ಹಾಗಿತ್ತು, ಅವರ ಮುಖ ಮಾತ್ರ ಗೆಲುವಾಗಿತ್ತು.

ಇವತ್ತು ಸಂಜೆ ಹಲ್ಲಿನ ಡಾಕ್ಟರು ಬರುತ್ತಾರೆ. ಇವಳ ದವಡೆ ಹಲ್ಲು ಕಿತ್ತವರು, ಹಳೇ ಕಾರೆಂದರೆ ಪ್ರಾಣ, ಎರಡು ಇವೆಯಂತೆ, ಇದು ಮೂರನೆಯದು, ಬಣ್ಣ ಮುಗಿದ ದಿನ ನೋಡಿ ಮಾತು ಮುಗಿಸ್ತೀನಿ ಎಂದಿದ್ದಾರೆ, ಭಾವ ಸರಿ ಎಂದಿದ್ದಾರೆ, ಒಳ್ಳೆಯ ಮನುಷ್ಯ, ಕಾರನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾರೆ, ಯಾವ ತಕರಾರೂ ಇಲ್ಲ. ತಕರಾರು ನನ್ನದೇ. ಕಾರು ಹೋದರೆ ಭಾವ ಯಾಕೆ ಬರುತ್ತಾರೆ, ತಂಗಿ ಮನೆಗೆ ದಿನವೂ ಬರಲು ನೆಪ ಬೇಕು ಎನ್ನುವ ಜಾತಿಯ ಮನುಷ್ಯ, ಮತ್ತೆ ಅದೇ ಹ್ಞೂಂ, ಅದೇ ಏನೋ ಒಂದು, ನನಗೆ ಅದು ಬೇಡ, ಅವರು ಆ ಕಡೆ ಬಾಗಿಲು ಉಜ್ಜುತ್ತಾ ಮಾತಾಡುತ್ತಲೇ ಇರಬೇಕು. ಹಾಗೆಂದು ಕೆಲಸ ಕೆಡಿಸಲು ಕೈ ಬರುತ್ತದೆಯೇ, ಬೀರು ಹೊಡೆದ ಕೈ ಇದು, ಜೀವನದಲ್ಲಿ ಒಂದೇ ಕಾರು, ಅದು ಬೆಣ್ಣೆಯ ಹಾಗೆ ಬರಬೇಕು. ನಿನ್ನೆ ಸಂಜೆ ಒರೆಸಿ ಮುಗಿಸಿ ಹಿತ್ತಲ ನಲ್ಲಿಯಲ್ಲಿ ಗನ್ ತೊಳೆಯುತ್ತಿದ್ದೆ, ಭಾವ ಕೈ ತೊಳೆದು, ದಿನದ ಹಾಗೆ ಗಂಟು ಗಂಟಿಗೂ ನೋವಿನೆಣ್ಣೆ ತಿಕ್ಕಿಕೊಂಡು ಹೊರಟವರು, ಉಜ್ಜಿ ಉಜ್ಜಿ ಅವರ ಬೆರಳೆಲ್ಲ ಊದಿವೆ, ಚಪ್ಪಲಿ ಹಾಕಿಕೊಂಡವರು ಮತ್ತೆ ಕಾರಿನ ಮುಂದೆ ಹೋಗಿ ನಿಂತದ್ದು ಕಂಡಿತು, ಬಹಳ ಹೊತ್ತು ನಿಂತರು, ನಾಳೆ ಹೋಗುತ್ತದಲ್ಲ, ನೋಡಿಕೊಳ್ಳಲಿ ಎಂದು ನಾನು ಆ ಕಡೆ ತಿರುಗಿದೆ.

ಈಗ ಬಾನೆಟ್, ಆಚೆ ಅಂಚಿನಿಂದ, ಉಸಿರು ಬಿಗಿ ಹಿಡಿ, ಒಂದು ಪಟ್ಟೆ, ಕೂತಿತು, ಇನ್ನೊಂದು, ಕೂತಿತು, ಕನ್ನಡಿ, ಟ್ಯೂಬ್‌ಲೈಟ್ ಉದ್ದಕ್ಕೆ ಬಿದ್ದು ಅಲುಗದೆ ಮಲಗಿದೆ, ಹೊರಗೆ ಮೆಟ್ಟಿಲ ಮೇಲೆ ಕೂತ ಭಾವ ಕೆಮ್ಮಿದರು, ಬಂತಾ ಭಾವ ಕಣ್ಣು, ಇಲ್ಲ ಭಾವ, ಇನ್ನೂ ಇಲ್ಲ, ಇನ್ನೊಂದು ಪಟ್ಟೆ, ಮಧ್ಯಕ್ಕೆ ಬಂದೆ, ಗೇಟಿನ ಕಡೆಯ ಅರ್ಧ — ಒಂದು. ಚುಕ್ಕೆಯಷ್ಟು, ಅಗಲವಾಯಿತು, ಬೂದು ಕಂಡಿತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ, ಅದರ ಪಕ್ಕ, ಥೂ, ನಿನ್ನ, ಆದರೆ ಈ ಸಲ ಎರಚಿದ ಹಾಗಿಲ್ಲ, ಸಾಲಾಗಿದೆ, ನಾಲ್ಕು ಸಾಲು, ಕೆಳಗೆ ಅಗಲವಾಗಿ ಒಂದು ರಾಶಿ, ಪಕ್ಕಕ್ಕೆ ಬೇರೆಯಾಗಿ ದಪ್ಪಗೆ ಇನ್ನೊಂದು ಸಾಲು, ಹೆಬ್ಬೆರಳು. ಕೈ. ಗನ್ನಿನ ಕುದುರೆ ಬಿಟ್ಟುಬಿಟ್ಟಿದ್ದೇನೆ, ಕಂಪ್ರೆಸರ್ ತುಂಬಿ ತಾನೇ ನಿಂತಿತು, ಹಸಿ ಹಸಿರಿನಲ್ಲಿ ಒಂದು ಕೈ ಬೆರಳು ಬಿಡಿಸಿಕೊಂಡು ಮೇಲೆ ಬರುತ್ತಿದೆ. ಮೊದಲ ಎರಡು ಸಲ ತಟ್ಟಿ ಹೋಗಿದ್ದರು, ತಟ್, ತಟ್, ಒಂದರ ಮೇಲೊಂದು ಬಿದ್ದು ಕಲಸಿಹೋಗಿತ್ತು, ನನಗೆ ತಿಳಿಯಲಿಲ್ಲ, ನಿನ್ನೆ ತಟ್ಟಿಲ್ಲ, ಇಟ್ಟಿದ್ದಾರೆ, ಇಟ್ಟು ಹಾಗೇ ನಿಂತಿದ್ದಾರೆ, ದಿನಾ ಸಂಜೆ ಹೊರಡುವವರು ಅವರೇ, ಆದರೂ ಹುಷಾರಾಗಿ ಹೋಗಿ ಬಾ ಎಂದು ಇದಕ್ಕೇ ಹೇಳಿ ಹೋಗಿದ್ದಾರೆ.

ಬಂತಾ ಭಾವ. ಈಗಲೇ ಥಿನ್ನರಿನಲ್ಲಿ ಒರೆಸಿ ಮತ್ತೆ ಹೊಡೆದರೆ ಸಂಜೆಗೆ ಮುಗಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ, ಕಂಪ್ರೆಸರ್ ಮೇಲೆ ಹಾಕಿದ ಅಪವಾದ ಹಾಗೇ ಇರಲಿ, ಬಟ್ಟೆ ಇಲ್ಲೇ ಇದೆ, ಡಬ್ಬಿ ಇಲ್ಲೇ ಇದೆ, ಕೈ ಹೋಗುತ್ತಿಲ್ಲ. ಭಾವ, ಒಳಗೆ ಬನ್ನಿ. ಬಣ್ಣ ಹಸಿ ಇದೆಯಲ್ಲ, ಧೂಳಾಗುತ್ತೆ. ಪರವಾಗಿಲ್ಲ, ಬನ್ನಿ. ಚಪ್ಪಲಿ ಹೊರಗೆ ಬಿಟ್ಟು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇದು ನಾನಾ. ನೋವಿನೆಣ್ಣೆ, ಭಾವ. ಓ. ಅಡಿಗೆಮನೆಯಿಂದ ಇವಳು, ರೀ, ಹಲ್ಲಿನ ಡಾಕ್ಟರ್ ಫೋನು, ಸಂಜೆ ಎಷ್ಟು ಹೊತ್ತಿಗೆ ಬರ್ಲಿ ಅಂತಿದ್ದಾರೆ, ಏನ್ ಹೇಳ್ಲಿ, ನಾನು ಮಾಸ್ಕ್ ಇಳಿಸುವಷ್ಟರಲ್ಲಿ ಭಾವ ತಲೆ ಎತ್ತದೆ, ಬರೋದು ಬೇಡ ಅನ್ನಮ್ಮ. ಏನಣ್ಣ? ಬೇಡ ಅನ್ನು. ಗಟ್ಟಿಯಾಗಿಯೇ ಹೇಳಿದರು. ಹೇಳಿ ಊದಿದ ಬೆರಳುಗಳನ್ನು ಬಿಡಿಸಿ ಕೈಯನ್ನು ಅದರ ಮೇಲೆ ತಂದರು, ಮುಟ್ಟಲಿಲ್ಲ, ಹಸಿ ಎಂದು ಅವರಿಗೆ ಗೊತ್ತು, ಒಂದು ಬೆರಳಷ್ಟು ಮೇಲೆ ಹಿಡಿದು ನಿಂತಿದ್ದಾರೆ, ಕೆಳಗೆ ಬೂದು ಕೈ, ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು, ಕೈ, ಅದರ ಕೆಳಗೆ ಕೈ