ಬಿಳಿ ಕೋಟಿನ ಅರಿಶಿನ

ಇಳಾ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳ ಅಮ್ಮ ಕುಮುದಾ ಮಾಡಬಾರದ್ದನ್ನು ಮಾಡಿ ಮುಗಿಸಿದ್ದರು, ಅದೂ ಭಕ್ತಿಯಿಂದ. ಮಗಳ ಕಪಾಟಿನಲ್ಲಿ ಹೊಸ ಬಿಳಿ ಕೋಟು ತೂಗುತ್ತಿತ್ತು, ಚೀಟಿ ಕೂಡ ಕಿತ್ತಿರಲಿಲ್ಲ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕುವುದುಂಟೇ? ದೇವರ ಮುಂದಿಟ್ಟು, ಒಳಅಂಚಿಗೆ ಬೆರಳಗಲ ಹಚ್ಚಿ, ಮತ್ತೆ ತೂಗುಹಾಕಿದ್ದರು.

ಕೋಟು ಇಳಾಳದ್ದಲ್ಲ. ತೈಪೆಯ ಸಣ್ಣ ಬ್ರಾಂಡೊಂದರ ಸ್ಯಾಂಪಲ್ ಅದು, ಅಂಥದ್ದು ಇದ್ದದ್ದೇ ಒಂದು. ಮರುದಿನ ಬೆಳಿಗ್ಗೆ ತೈವಾನಿನ ಫ್ಯಾಶನ್ ಪತ್ರಿಕೆಯವರು ಸ್ಟಾಕ್‌ಹೋಮಿನ ನೀರಿನಂಚಿನಲ್ಲಿ ಅದನ್ನು ಮಾಡೆಲ್‌ಗೆ ಹಾಕಿ, ಗಾಳಿಗೆ ಹಾರಿಸಿ ಫೋಟೋ ತೆಗೆಯುವವರಿದ್ದರು. ಸುಕ್ಕಾಗದಂತೆ ನೋಡಿಕೋ ಎಂದು ಡಿಸೈನರ್ ಶು-ಹುಯ್ ನಂಬಿ ಕೊಟ್ಟಿದ್ದಳು. ಮೂರು ವರ್ಷ ಕೆಫೆಯಲ್ಲಿ ಲೋಟ ತೊಳೆದ ಮೇಲೆ ಇಳಾಗೆ ಸಿಕ್ಕ ಮೊದಲ ಮನಮೆಚ್ಚಿದ ಕೆಲಸ ಇದು, ಫೋಟೋಗೆ ಹಾಕಿಸುವ ಬಟ್ಟೆಗಳನ್ನು ನೋಡಿಕೊಳ್ಳುವುದು. ಸರಿಹೋದರೆ ತೈಪೆಗೂ ಕರೆಸಿಕೊಳ್ಳುವ ಮಾತಿತ್ತು.

ಅರಿಶಿನ ಕಂಡದ್ದೇ ತಡ, ಅವಳು ಅಂಚನ್ನು ಸೋಪಿನಲ್ಲಿ ಉಜ್ಜಿದಳು. ಹಳದಿ ಹೋಗಿ ಕೆಂಪಾಯಿತು.

"ಅರಿಶಿನಕ್ಕೆ ಸೋಪ್ ಹಾಕ್ತಾರೇನೇ?" ಎಂದರು ಕುಮುದಾ. "ಬರೀ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕು. ಬಿಸಿಲಿಗೆ ಅದು ನಿಲ್ಲಲ್ಲ."

"ಆಲ್ರೆಡಿ ಐದು ಗಂಟೆ, ಅಮ್ಮ."

"ಜೂನ್ ಅಲ್ವಾ. ಇನ್ನೂ ಎಷ್ಟೊತ್ತು ಬಿಸಿಲಿದೆ."

ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನ ಆ ಬಾಡಿಗೆ ಮನೆಗೆ ದೇವರು ಬೇರೇನೂ ಕೊಡದಿದ್ದರೂ ಪಶ್ಚಿಮಕ್ಕೊಂದು ಬಾಲ್ಕನಿ ಕೊಟ್ಟಿದ್ದ. ಕೋಟು ಅಲ್ಲಿ ತೂಗಿತು. ಹೆರಿಗೆ ವಾರ್ಡಿನ ಹೊರಗೆ ಕಾಯುವವರಂತೆ ಅಮ್ಮ ಮಗಳು ಎರಡು ಕುರ್ಚಿ ಹಾಕಿಕೊಂಡು ಕೂತರು.

"ಇದು ನಂದಲ್ಲ ಅಮ್ಮ, ಕೆಲಸದ್ದು. ಹಚ್ಚೋ ಮುಂಚೆ ಒಂದ್ಸಲ ಕೇಳಬಾರ್ದಿತ್ತಾ?"

ಕುಮುದಾ ಕೋಟಿನ ಒದ್ದೆ ಅಂಚನ್ನು ಬಿಸಿಲಿನತ್ತ ತಿರುಗಿಸಿದರು. "ನೀನು ತರೋದೆಲ್ಲ ಸೆಕೆಂಡ್ ಹ್ಯಾಂಡ್. ಯಾರೋ ಹಾಕಿ ಬಿಟ್ಟಿದ್ದಕ್ಕೆ ಹೇಗೆ ಹಚ್ಚಲಿ? ನಿನ್ನ ಬಟ್ಟೆಗೆ ಅರಿಶಿನ ಹಚ್ಚಿ ಆರು ವರ್ಷ ಆಯ್ತು. ಅಂತೂ ತನಗೇ ಅಂತ ಒಂದು ಒಳ್ಳೇದು ತಗೊಂಡ್ಳಲ್ಲ ಅಂತ ಖುಷಿ ಆಗೋಯ್ತು."

ಹಳೆ ಬಟ್ಟೆ ಹಾಕುವುದು ಇಳಾಗೆ ಹೆಮ್ಮೆ. ಅದರಿಂದ ಅಮ್ಮನ ಸಣ್ಣ ಸಂತೋಷವೊಂದು ನಿಂತುಹೋಗಿತ್ತೆಂದು ಇವತ್ತೇ ಗೊತ್ತಾದದ್ದು. ನಾಚಿಕೆಯಾಯಿತು.

ಬಿಸಿಲಿಳಿಯುವ ಹೊತ್ತಿಗೆ ಕಲೆ ಮುಕ್ಕಾಲು ಪಾಲು ಮಾಯವಾಗಿತ್ತು. ಉಳಿದದ್ದು ಹುಡುಕುವವರಿಗೆ ಮಾತ್ರ ಕಾಣುವಷ್ಟು.

ಬೆಳಿಗ್ಗೆ ಶು-ಹುಯ್ ಅಂಚನ್ನು ತಿರುವಿ ನೋಡುತ್ತಾ ಬಂದು ಸರಿಯಾಗಿ ಅಲ್ಲೇ ನಿಂತಳು. ತನ್ನ ಕೈಯಾರೆ ಹೊಲಿದವಳ ಕಣ್ಣು ತಪ್ಪಿಸುವುದು ಸಾಧ್ಯವೇ? ಇಳಾ ಸುಳ್ಳು ಹೇಳಲು ಹೋಗಲಿಲ್ಲ. ಅರಿಶಿನ, ಸೋಪು, ಬಾಲ್ಕನಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದಳು.

"ಇದನ್ನು ಹಚ್ಚುವುದು ಕೋಟಿಗೆ ಒಳ್ಳೆಯದಾಗಲಿ ಅಂತಲೋ, ಹಾಕಿಕೊಳ್ಳುವವರಿಗೋ?" ಎಂದು ಶು-ಹುಯ್ ಕೇಳಿದಳು.

"ಹಾಕಿಕೊಳ್ಳುವವರಿಗೆ."

"ಹಾಗಾದರೆ ನಮ್ಮ ಮಾಡೆಲ್‌ಗೆ."

"ಇಲ್ಲ," ಎನ್ನುವಾಗ ಇಳಾಳ ಕಣ್ಣು ತುಂಬಿತು. "ನನಗೆ."

ಶು-ಹುಯ್ ಹುಬ್ಬಿನ ಗಂಟು ಸಡಿಲಿಸಲಿಲ್ಲ. "ಇನ್ನು ಮೇಲೆ ಸ್ಯಾಂಪಲ್ ಮನೆಗೆ ಒಯ್ಯಬಾರದು. ತೈಪೆಯಲ್ಲೂ ಅಷ್ಟೆ," ಎಂದಳು. ಆಮೇಲೆ ಗಡಿಯಾರ ನೋಡಿಕೊಂಡಳು. "ಮಾಡೆಲ್ ಬರಲು ಹತ್ತು ನಿಮಿಷ ಇದೆ. ಹಾಕಿಕೋ."

ಇಳಾ ಕೋಟು ಹಾಕಿಕೊಂಡು ನೀರಿಗೆ ಬೆನ್ನು ಮಾಡಿ ನಿಂತಳು. ಪತ್ರಿಕೆಯ ಫೋಟೋಗ್ರಾಫರ್ ಅವಳ ಫೋನಿನಲ್ಲೇ ಒಂದು ಚಿತ್ರ ತೆಗೆದುಕೊಟ್ಟ. ಅದನ್ನವಳು ಅಮ್ಮನಿಗೆ ಕಳಿಸಿದಳು.

ಉತ್ತರ ತಡವಾಗಿ ಬಂತು. ಮಾಡೆಲ್ ಬಂದು ಶೂ ಬದಲಿಸುತ್ತಿದ್ದಳು, ಇಳಾ ಕೋಟಿನ ಗುಂಡಿ ಬಿಚ್ಚುತ್ತಲೇ ಓದಿದಳು.

"ಲಕ್ಷಣವಾಗಿ ಕಾಣ್ತಿದ್ದೀಯ ಮರಿ. ಆದ್ರೆ ಭುಜ ಇಳಿದುಬಿಟ್ಟಿದೆ, ನಿನ್ನ ಅಳತೇದಲ್ಲ. ವಾಪಸ್ ಕೊಟ್ಬಿಡು."